ಕಾಲುವೆ ಕೊನೆಯಲ್ಲಿ ಕೂರಿಗೆ ಭತ್ತ: ನನ್ನ ಅನುಭವ

ಈ ಸಲ ಎಕರೆಗೆ 36 ಚೀಲ ಬಂತು, 75 ಕೆ.ಜಿ. ಚೀಲ. ನಾಟಿ ಇಲ್ಲ, ಕೆಸರು ಮಾಡದ ಒಣ ಮಡಿಯಲ್ಲಿ ಕೂರಿಗೆ (ಸಾಲಲ್ಲಿ ಬೀಜ ಬಿತ್ತುವ ಸಲಕರಣೆ) ಹೊಡೆದು ಬೆಳೆದ ಸೋನಾ ಮಸೂರಿ. "ಭತ್ತ ಏನು ಜೋಳ ಅಂದ್ಕೊಂಡಿದ್ದೀಯಾ?" ಎಂದವರೇ ಈಗ ಕೂರಿಗೆ ಬಾಡಿಗೆ ಎಷ್ಟು ಎಂದು ಕೇಳುತ್ತಿದ್ದಾರೆ.

ನಮ್ಮದು ಮಾನ್ವಿ ಕಡೆ, ತುಂಗಭದ್ರಾ ಎಡದಂಡೆ ಕಾಲುವೆಯ ಕೊನೆ ಭಾಗ. ಜುಲೈಯಲ್ಲಿ ನೀರು ಬಿಟ್ಟರೂ ನಮಗೆ ಮುಟ್ಟುವಷ್ಟರಲ್ಲಿ ಆಗಸ್ಟ್. ಆಮೇಲೆ ನಾಟಿ ಮಾಡಿದರೆ ಕಾಳು ಕಟ್ಟುವ ಹೊತ್ತಿಗೆ ನೀರಿನ ಎಳೆದಾಟ, ಮೇಲೆ ಚಳಿ. ಜಳ್ಳು ಜಾಸ್ತಿ. ಅದಕ್ಕೇ ಕಾಲುವೆ ನೀರಿಗೆ ಕಾಯದೆ ಜೂನಿನಲ್ಲೇ ಕೂರಿಗೆಗೆ ಇಳಿದೆ.

ಮೊದಲ ವರ್ಷ 2 ಎಕರೆಯಲ್ಲಿ ಪೂರ್ತಿ ಸೋತೆ. ಬೀಜ ಮೂರು ಇಂಚು ಆಳಕ್ಕೆ ಹೋಗಿತ್ತು. ಮಳೆ ಹೊಡೆತಕ್ಕೆ ಎರೆ ಮಣ್ಣು ಹೆಪ್ಪುಗಟ್ಟಿ, ಮೊಳಕೆ ಒಳಗೇ ಸುರುಳಿ ಸುತ್ತಿ ಸತ್ತವು. ಹುಟ್ಟಿದ್ದನ್ನು ಹುಲ್ಲು ನುಂಗಿತು. ಕಳೆ ಕೀಳಿಸಲು ಆಳಿನ ಕೂಲಿಯೇ ಒಟ್ಟು ಒಂಬತ್ತು ಹತ್ತು ಸಾವಿರ. ಸಿಕ್ಕಿದ್ದು ಎಕರೆಗೆ 17 ಚೀಲ. ಮನೆಯಲ್ಲಿ ಒಂದು ವಾರ ಯಾರೂ ಸರಿಯಾಗಿ ಮಾತಾಡಲಿಲ್ಲ.

ಈಗ ಒಂದು ಇಂಚು, ಹೆಚ್ಚೆಂದರೆ ಒಂದೂವರೆ. ಟ್ರ್ಯಾಕ್ಟರ್ ಪ್ರತಿ ಸುತ್ತು ತಿರುಗಿದಾಗ ಸಾಲಿನಲ್ಲಿ ಕುಕ್ಕರಗಾಲಲ್ಲಿ ಕೂತು ಬೆರಳಿಂದ ಮಣ್ಣು ಕೆದಕುತ್ತೇನೆ. ಮೊದಲ ಗೆಣ್ಣು ದಾಟಿದ ಕೂಡಲೇ ಬೀಜ ತಗುಲಬೇಕು. ಇಲ್ಲ ಅಂದ್ರೆ ಗಾಡಿ ನಿಲ್ಲಿಸಿ.

ಕಳೆಗೆ ಎರಡು ಕಳೆನಾಶಕ: ಬಿತ್ತಿ ಹಸಿಯಾದ ಎರಡು ದಿನದಲ್ಲಿ ಪೆಂಡಿಮೆಥಾಲಿನ್, 20ನೇ ದಿನದ ಆಸುಪಾಸು ಬಿಸ್‌ಪೈರಿಬ್ಯಾಕ್. ಹುಲ್ಲು ನಾಲ್ಕು ಎಲೆ ದಾಟಿದರೆ ದುಡ್ಡು ದಂಡ. ಇವೆರಡರ ನಡುವೆ ಇನ್ನೊಂದು ಕೆಲಸ ಮಾಡುತ್ತೇನೆ, ಅದನ್ನು ಇಲ್ಲಿ ಬರೆಯಲ್ಲ. ಹೊಲಕ್ಕೆ ಬನ್ನಿ, ತೋರಿಸುತ್ತೇನೆ.

ಎರಡನೇ ವರ್ಷ ಎಳೆ ಎಲೆ ಬೆಳ್ಳಗಾದವು. ಸುಮ್ನೆ ಯೂರಿಯಾ ಸುರಿದೆ. ಅದು ಕಬ್ಬಿಣದ ಕೊರತೆ. ಲೀಟರಿಗೆ 5 ಗ್ರಾಂ ಫೆರಸ್ ಸಲ್ಫೇಟ್, ಸ್ವಲ್ಪ ನಿಂಬೆ ಹುಳಿ ಹೊಡೆದ ಮೇಲೆ ಒಂದು ವಾರದಲ್ಲಿ ಹಸಿರಾಯಿತು.

ಅರ್ಧ ಎಕರೆಯಲ್ಲಿ ಭತ್ತದ ಜೊತೆ ಡಯಾಂಚ (ಹಸಿರೆಲೆ ಗೊಬ್ಬರದ ಗಿಡ) ಬಿತ್ತಿ, 25 ದಿನಕ್ಕೆ 2,4-ಡಿ ಎಂಬ ಅಗಲ ಎಲೆ ಗಿಡ ಕೊಲ್ಲುವ ಕಳೆನಾಶಕ ಹೊಡೆದು ಅದನ್ನು ಸಾಯಿಸಿದೆ. ಮಣ್ಣಿಗೆ ಒಳ್ಳೆಯದೇ. ಆದರೆ ಔಷಧ ಗಾಳಿಗೆ ಹಾರಿ ಪಕ್ಕದ ಹತ್ತಿಯ ಎಲೆ ಮುರುಟಿ, ಪರಿಹಾರ ಕೊಡಬೇಕಾಯಿತು. ಹತ್ತಿ ಇರುವ ಕಡೆ ಇದು ಬೇಡವೇ ಬೇಡ.

ದುಡ್ಡಿನ ಲೆಕ್ಕ ನೆನಪಿನಿಂದ ಹೇಳುತ್ತೇನೆ. ನಾಟಿಗೆ ಸಸಿಮಡಿ, ಕೆಸರು ಮಾಡೋದು, ಆಳು ಸೇರಿ ಎಕರೆಗೆ 11-12 ಸಾವಿರ. ನನಗೆ ಉಳುಮೆ, ಕೂರಿಗೆ, ಕಳೆನಾಶಕ ಸೇರಿ 5 ಸಾವಿರ ಚಿಲ್ಲರೆ. 25 ಕೆ.ಜಿ. ಬೀಜ ಬೇಕಿದ್ದ ಕಡೆ 10 ಸಾಕು. ಪಕ್ಕದ ನಾಟಿ ಗದ್ದೆಯಲ್ಲಿ 38 ಚೀಲ ಬಂತು, ನಿಜ. ಆ ಎರಡು ಚೀಲದ ದುಡ್ಡು ಕಳೆದರೂ ನನಗೆ ಎಕರೆಗೆ 3 ಸಾವಿರದ ಮೇಲೆ ಉಳಿಯಿತು.

2024ರ ಆಗಸ್ಟ್ 10ರ ರಾತ್ರಿ ತುಂಗಭದ್ರಾ ಡ್ಯಾಮಿನ 19ನೇ ಗೇಟ್ ಕೊಚ್ಚಿಹೋದಾಗ ನನ್ನ ಪೈರಿಗೆ ಐವತ್ತು ದಿನ. ನಾಟಿಯವರು ನೀರು ಸಿಗುತ್ತೋ ಇಲ್ಲವೋ, ಸಸಿ ಕೀಳಬೇಕೋ ಬಿಡಬೇಕೋ ಎಂದು ಬದುವಿನ ಮೇಲೆ ಕೂತಿದ್ದರು. ಇನ್ನು ನಾಟಿಗೆ ಹೋಗಬಾರದು ಎಂದು ನನಗೆ ಆವತ್ತೇ ಖಾತ್ರಿಯಾಯಿತು.

ಬರುವ ಜೂನಿಗೆ ಎಂಟೂ ಎಕರೆ ಕೂರಿಗೆಯೇ. ಸಸಿಮಡಿ ಹಾಕುತ್ತಿದ್ದ ಜಾಗಕ್ಕೆ ತೊಗರಿ ಬೀಜ ತಂದಿಟ್ಟಿದ್ದೇನೆ.