ಪರದೇಶದ ಚಳಿಯಲ್ಲಿ ಎಳ್ಳು ಬೆಲ್ಲ ಬೀರೋದು ಹೇಗೆ

ಸಂಕ್ರಾಂತಿ ಜನವರಿ 14 ಅಥವಾ 15ಕ್ಕೆ ಬರುತ್ತದೆ. ಹೊರದೇಶದಲ್ಲಿ ಅವತ್ತು ರಜೆ ಇರುವುದಿಲ್ಲ. ಹಾಗಾಗಿ ಪೂಜೆ ಅದೇ ದಿನ ಬೆಳಿಗ್ಗೆ ಮುಗಿಸಿ, ಎಳ್ಳು ಬೀರುವುದನ್ನು ವಾರದ ಕೊನೆಗೆ ಇಟ್ಟುಕೊಳ್ಳಿ.

ಕಷ್ಟ ಇರುವುದು ಕೊಬ್ಬರಿಯಲ್ಲಿ. ಸೂಪರ್‌ಮಾರ್ಕೆಟ್ಟಿನ ಕೊಬ್ಬರಿ ಪುಡಿ ಬೇಡ, ಇಂಡಿಯನ್ ಅಂಗಡಿಯಲ್ಲಿ ಗಿಟುಕು ಕೊಬ್ಬರಿ ಕೇಳಿ, ಕಪ್ಪು ಸಿಪ್ಪೆ ತುರಿದು ತೆಗೆದು ಸಣ್ಣಗೆ ಹೆಚ್ಚಿ. ನಮ್ಮೂರಲ್ಲಾದರೆ ಬಿಸಿಲಿಗೆ ಹರಡುತ್ತಿದ್ದೆವು, ಅಲ್ವಾ? ಇಲ್ಲಿ ಓವನ್ನನ್ನು 50–60 ಡಿಗ್ರಿ ಸೆಲ್ಸಿಯಸ್‌ಗೆ ಇಟ್ಟು, ಬಾಗಿಲು ಸ್ವಲ್ಪ ತೆರೆದು ಒಣಗಿಸಿ. ಬೆಲ್ಲವನ್ನು ಮಾತ್ರ ಅದರೊಳಗೆ ಇಡಬೇಡಿ, ಮೆತ್ತಗಾಗಿ ಅಂಟಿಕೊಳ್ಳುತ್ತದೆ. ಗಟ್ಟಿ ಅಚ್ಚು ಬೆಲ್ಲ ತಂದು ಅಡಕೆ ಕತ್ತರಿಯಲ್ಲಿ ಚೂರು ಮಾಡಿ, ತಟ್ಟೆಯಲ್ಲಿ ಹರಡಿ ಒಂದೆರಡು ದಿನ ಹೀಟರ್ ಹತ್ತಿರ ಬಿಡಿ.

ಕಡಲೆಕಾಯಿ ಬೀಜ, ಹುರಿಗಡಲೆ, ಕೊಬ್ಬರಿ, ಬೆಲ್ಲ ಒಂದೊಂದು ಕಪ್, ಹುರಿದ ಬಿಳಿ ಎಳ್ಳು ಅರ್ಧ ಕಪ್. ಬೆಲ್ಲ ಕೊನೆಗೆ ಬೆರೆಸಿ.

ಇದೊಂದು ಮರೆಯಬೇಡಿ: ಎಳ್ಳು, ಕಡಲೆಕಾಯಿ ಎರಡೂ ಅಲರ್ಜಿ ತರುವ ಪದಾರ್ಥಗಳು. ಅಮೆರಿಕದಲ್ಲಿ 2023ರಿಂದ ಎಳ್ಳನ್ನೂ ಪೊಟ್ಟಣದ ಮೇಲೆ ನಮೂದಿಸಲೇಬೇಕು. ಪಕ್ಕದ ಮನೆಯವರಿಗೆ ಕೊಡುವ ಮುಂಚೆ ಕೇಳಿ, ಮಕ್ಕಳ ಕೈಯಲ್ಲಿ ಸುಮ್ನೆ ಶಾಲೆಗೆ ಕಳಿಸಬೇಡಿ. ಅಲರ್ಜಿ ಇರುವವರ ಮನೆಗೆ ಬಾಳೆಹಣ್ಣು, ಸಕ್ಕರೆ ಅಚ್ಚು ಕೊಡಿ. "ಎಳ್ಳು ಬೆಲ್ಲ ತಿಂದು ಒಳ್ಳೆ ಮಾತಾಡು" ಅನ್ನುವುದನ್ನು ಅವರ ಭಾಷೆಯಲ್ಲಿ ಒಂದು ಚೀಟಿಯಲ್ಲಿ ಬರೆದು ಜೊತೆಗಿಡಿ.