‘ಶ್ಲಾಖ್ತಾ’ ಎಂಬ ಪೋಲಿಷ್ ಪದವನ್ನು ಅರ್ಥೈಸಿಕೊಳ್ಳುವ ಬಗೆ

ಪೋಲೆಂಡಿನ ಇತಿಹಾಸವನ್ನು ಓದುವಾಗ ಮತ್ತೆ ಮತ್ತೆ ಎದುರಾಗುವ ‘ಶ್ಲಾಖ್ತಾ’ ಎಂಬ ಪದವು ಅಲ್ಲಿನ ಕುಲೀನ ವರ್ಗದ ಹೆಸರು; ಅದನ್ನು ‘ಸಿರಿವಂತರು’ ಎಂದು ತಿಳಿದು ಮುಂದೆ ಸಾಗಬೇಡಿ. ದೊಡ್ಡ ಜಮೀನ್ದಾರರಷ್ಟೇ ಅಲ್ಲ, ತುಂಡು ಹೊಲವನ್ನು ತಾವೇ ಉಳುತ್ತಿದ್ದವರೂ, ಭೂಮಿಯೇ ಇಲ್ಲದವರೂ ಈ ವರ್ಗಕ್ಕೆ ಸೇರಿದ್ದರು.

ಮೊದಲು ಪದದ ಬೇರನ್ನು ನೋಡಿ. ಹಳೆಯ ಜರ್ಮನ್ ಭಾಷೆಯ ‘ಸ್ಲಾಹ್ತಾ’ ಎಂದರೆ ವಂಶ, ಕುಲ. ಅದು ಚೆಕ್ ಭಾಷೆಯಲ್ಲಿ ‘ಶ್ಲೆಖ್ತಾ’ ಆಗಿ, ಅಲ್ಲಿಂದ ಪೋಲಿಷ್ ಭಾಷೆಗೆ ಬಂದಿತೆಂಬುದು ಭಾಷಾಶಾಸ್ತ್ರಜ್ಞರು ಸಾಮಾನ್ಯವಾಗಿ ಒಪ್ಪುವ ಅಭಿಪ್ರಾಯ. ಕಾಳಗವನ್ನು ಸೂಚಿಸುವ ಜರ್ಮನ್ ಪದ ‘ಶ್ಲಾಖ್ಟ್’ ಕಿವಿಗೆ ಹತ್ತಿರವಾಗಿ ಕೇಳಿಸುವುದರಿಂದ, ಯುದ್ಧವೀರರ ವರ್ಗವೆಂಬ ಕಾರಣಕ್ಕೇ ಈ ಹೆಸರು ಬಂದಿತೆಂಬ ಆಕರ್ಷಕ ವಿವರಣೆಯೊಂದು ಹರಡಿದೆ. ಆದರೆ ಪೋಲಿಷರು ಎರವಲು ಪಡೆದದ್ದು ವಂಶವೆಂಬ ಅರ್ಥವನ್ನೇ. ಕುಲಲಾಂಛನಕ್ಕೆ ಅವರು ಬಳಸುವ ‘ಹೆರ್ಬ್’ ಎಂಬ ಪದವೂ ಪಿತ್ರಾರ್ಜಿತವನ್ನು ಸೂಚಿಸುವ ಜರ್ಮನ್ ಮೂಲದಿಂದಲೇ ಬಂದಿದೆ.

ಆಮೇಲೆ ವ್ಯಾಕರಣವನ್ನು ಗಮನಿಸಿ: ‘ಶ್ಲಾಖ್ತಾ’ ಇಡೀ ಸಮುದಾಯದ ಹೆಸರು, ಅದಕ್ಕೆ ಸೇರಿದ ಪುರುಷ ‘ಶ್ಲಾಖ್ಚಿತ್ಸ್’, ಸ್ತ್ರೀ ‘ಶ್ಲಾಖ್ಚಾಂಕಾ’.

ಎಲ್ಲಕ್ಕಿಂತ ಮುಖ್ಯವಾಗಿ, ನೀವು ಓದುತ್ತಿರುವುದು ಯಾವ ಕಾಲದ ಬರಹವೆಂದು ಕೇಳಿಕೊಳ್ಳಿ, ಏಕೆಂದರೆ ಪದದ ಅರ್ಥವು ಕಾಲಕ್ಕೆ ತಕ್ಕಂತೆ ಬದಲಾಯಿತು. 1374ರಲ್ಲಿ ಪೋಲೆಂಡಿನ ದೊರೆ ಲೂಯಿ ಕೊಶಿತ್ಸೆ ಪಟ್ಟಣದಲ್ಲಿ ಶ್ಲಾಖ್ತಾದವರ ಭೂಕಂದಾಯವನ್ನು ಬಹುಪಾಲು ಇಳಿಸಿದನು. 1505ರಲ್ಲಿ ರಾದೊಮ್‌ನಲ್ಲಿ ಸೇರಿದ, ಶ್ಲಾಖ್ತಾದ ಪ್ರತಿನಿಧಿಗಳಿದ್ದ ‘ಸೆಯ್ಮ್’ ಸಂಸತ್ತು, ತನ್ನ ಒಪ್ಪಿಗೆಯಿಲ್ಲದೆ ದೊರೆಯು ಹೊಸ ಶಾಸನವನ್ನು ಮಾಡಬಾರದೆಂದು ನಿಯಮಿಸಿತು. ಹೀಗೆ ವಂಶಸೂಚಕ ಪದವೊಂದು ರಾಜಕೀಯ ಹಕ್ಕುಳ್ಳವರ ಹೆಸರಾಯಿತು. ‘ತುಂಡು ಹಿತ್ತಲಿನ ಶ್ಲಾಖ್ಚಿತ್ಸ್ ಪ್ರಾಂತಾಧಿಪತಿಗೆ ಸಮಾನ’ ಎಂಬ ಗಾದೆ ಈ ಸಮಾನತೆಯ ಹೆಮ್ಮೆಯನ್ನು ಸಾರುತ್ತದೆ. ಅಧಿಕಾರವು ನಿಜಕ್ಕೂ ‘ಮಾಗ್ನಾತ್’ ಎನಿಸಿಕೊಂಡ ಕೆಲವೇ ಮನೆತನಗಳ ಕೈಯಲ್ಲಿ ಕೂಡಿಕೊಳ್ಳುತ್ತಿದ್ದಾಗಲೂ ಆ ಗಾದೆಯ ಬಳಕೆ ನಿಲ್ಲಲಿಲ್ಲ. ಈ ಹಕ್ಕುಗಳ ಭಾರವನ್ನು ಹೊತ್ತವರು ಬಿಟ್ಟಿ ದುಡಿಮೆಗೆ ಒಳಗಾದ ರೈತರೆಂಬುದನ್ನೂ ಮರೆಯಬಾರದು.

ಒಬ್ಬ ವ್ಯಕ್ತಿಯ ಮೂಲವನ್ನು ಹುಡುಕುವಾಗ ಲಾಂಛನವೊಂದನ್ನೇ ನಂಬಬೇಡಿ, ಏಕೆಂದರೆ ರಕ್ತಸಂಬಂಧವಿಲ್ಲದ ಅನೇಕ ಕುಟುಂಬಗಳು ಒಂದೇ ಹೆರ್ಬನ್ನು ಹಂಚಿಕೊಳ್ಳುತ್ತಿದ್ದವು. 1413ರಲ್ಲಿ ಹೊರೊದ್ವೊದಲ್ಲಿ ಪೋಲಿಷ್ ಮನೆತನಗಳು ಲಿಥುವೇನಿಯಾದ ಕುಲೀನರಿಗೆ ತಮ್ಮ ಲಾಂಛನಗಳನ್ನು ಹೀಗೆಯೇ ನೀಡಿದವು. ‘ಸ್ಕಿ’ ಎಂದು ಕೊನೆಗೊಳ್ಳುವ ಅಡ್ಡಹೆಸರೂ ಸಾಕ್ಷಿಯಲ್ಲ, ಅದನ್ನು ಇತರರೂ ಇಟ್ಟುಕೊಂಡರು. 1921ರ ಸಂವಿಧಾನವು ಕುಲೀನ ಬಿರುದುಗಳ ಮಾನ್ಯತೆಯನ್ನು ರದ್ದುಗೊಳಿಸಿದ್ದರಿಂದ, ಆ ಬಳಿಕದ ಬರಹಗಳಲ್ಲಿ ಈ ಪದವನ್ನು ಮನೆತನದ ಹಿನ್ನೆಲೆಯೆಂದು ಓದಿರಿ, ಕಾನೂನಿನ ಸ್ಥಾನವೆಂದಲ್ಲ.