ಬಾಣದ ಕೀ ಒತ್ತಿದರೆ ಬರುವುದು ಮೂರು ಬೈಟ್

ಹಾಸನ ಜಿಲ್ಲೆಯ 8 ತಾಲ್ಲೂಕುಗಳ ಪಟ್ಟಿ ಲಿನಕ್ಸ್‌ನ ಟರ್ಮಿನಲ್‌ನಲ್ಲಿ (ಅಕ್ಷರಗಳಷ್ಟೇ ಕಾಣುವ ಕಿಟಕಿಯಲ್ಲಿ) ಇದೆ. ಬಾಣದ ಕೀಯಿಂದ ಆಲೂರಿನಿಂದ ಸಕಲೇಶಪುರಕ್ಕೆ ಇಳಿಯಬೇಕು, ಎಂಟರ್ ಒತ್ತಿದರೆ ಆ ತಾಲ್ಲೂಕಿನ ಕಾಫಿ ಚೀಲಗಳ ಲೆಕ್ಕ ತೆರೆಯಬೇಕು. ಸಿ ಭಾಷೆಯಲ್ಲಿ ಒಂದು ಅಕ್ಷರ ಓದುವ ಗೆಟ್‌ಚಾರ್ ಫಂಕ್ಷನ್ ಹಾಕಿ ನೋಡಿದರೆ ಎಂಟರ್ ಒತ್ತುವ ತನಕ ಪ್ರೋಗ್ರಾಂಗೆ ಏನೂ ತಲುಪುವುದಿಲ್ಲ, ಪರದೆ ಮೇಲೆ ಮಾತ್ರ ವಿಚಿತ್ರ ಚಿಹ್ನೆಗಳು ಮೂಡುತ್ತವೆ. ಟರ್ಬೊ ಸಿ ಕಲಿತವರು ಕೀ ಓದುವ ಫಂಕ್ಷನ್‌ಗಳಿರುವ ಕೊನಿಯೊ ಹೆಡರ್ ಹುಡುಕುತ್ತಾರೆ, ಲಿನಕ್ಸ್‌ನಲ್ಲಿ ಅದಿಲ್ಲ. ಇಲ್ಲಿ ಬೇಕಾದದ್ದು ಟರ್ಮಿನಲ್‌ನ ಸೆಟ್ಟಿಂಗ್ ಬದಲಿಸುವ ಹೆಡರ್, ಟರ್ಮಿಯೋಸ್.

ಮೊದಲು ಟಿಸಿಗೆಟ್‌ಅಟ್ಟರ್ ಕರೆದು ಈಗಿನ ಸೆಟ್ಟಿಂಗ್ ಒಂದು ಕಡೆ ಎತ್ತಿಡಿ. ಅದರ ನಕಲಿನಲ್ಲಿ ಐಕ್ಯಾನನ್ (ಎಂಟರ್ ತನಕ ತಡೆಹಿಡಿಯುವುದು), ಎಕೋ (ಒತ್ತಿದ್ದನ್ನು ಪರದೆಗೆ ತರುವುದು) ಎರಡೂ ಫ್ಲ್ಯಾಗ್ ತೆಗೆಯಿರಿ. ವಿಮಿನ್ (ಕಾಯಬೇಕಾದ ಕನಿಷ್ಠ ಬೈಟ್) 0, ವಿಟೈಮ್ (ಕಾಯುವ ಸಮಯ) 1 ಇಟ್ಟು ಟಿಸಿಸೆಟ್‌ಅಟ್ಟರ್ ಮೂಲಕ ಹಾಕಿ. ವಿಟೈಮ್‌ನ ಲೆಕ್ಕ ಸೆಕೆಂಡಿನ ಹತ್ತನೇ ಒಂದು ಭಾಗ. ಅಂದರೆ ಬೈಟ್ ಓದುವ ರೀಡ್ ಫಂಕ್ಷನ್ 100 ಮಿಲಿಸೆಕೆಂಡ್ ಕಾದು, ಏನೂ ಬರದಿದ್ದರೆ 0 ಹಿಂದಿರುಗಿಸುತ್ತದೆ.

ಈಗ ಒಂದೊಂದೇ ಬೈಟ್ ಓದಿ. 27 ಬಂತೆಂದರೆ ತಡೆಯಿರಿ, ಅದು ಎಸ್ಕೇಪ್ ಕೀಯೂ ಆಗಿರಬಹುದು, ಬಾಣದ ಕೀಯ ಮೊದಲ ಬೈಟೂ ಆಗಿರಬಹುದು. ಮುಂದಿನ ರೀಡ್ 0 ಕೊಟ್ಟರೆ ಬರಿಯ ಎಸ್ಕೇಪ್. 91 ಬಂದು ಅದಾದ ಮೇಲೆ 65 ಬಂದರೆ ಮೇಲಕ್ಕೆ, 66 ಕೆಳಕ್ಕೆ, 67 ಬಲಕ್ಕೆ, 68 ಎಡಕ್ಕೆ. ಕೆಲವು ಟರ್ಮಿನಲ್ ಸ್ಥಿತಿಗಳಲ್ಲಿ 91ರ ಜಾಗದಲ್ಲಿ 79 ಬರುತ್ತದೆ, ಎರಡನ್ನೂ ಒಪ್ಪಿಕೊಳ್ಳಿ. ಡಿಲೀಟ್ ನಾಲ್ಕು ಬೈಟ್: 27, 91, 51, 126. ಬ್ಯಾಕ್‌ಸ್ಪೇಸ್ ಸಾಮಾನ್ಯವಾಗಿ 127, ಕೆಲವೆಡೆ 8.

ತೋಟದ ಮನೆಯ ನಿಧಾನ ನೆಟ್‌ವರ್ಕಿನಿಂದ ಎಸ್‌ಎಸ್‌ಎಚ್ (ದೂರದ ಕಂಪ್ಯೂಟರಿಗೆ ಲಾಗಿನ್ ಆಗುವ ದಾರಿ) ಮೂಲಕ ಬಂದರೆ ಬೈಟ್‌ಗಳ ನಡುವೆ 100 ಮಿಲಿಸೆಕೆಂಡ್ ಮೀರಬಹುದು. ಆಗ ಬಾಣ ಒತ್ತಿದ್ದು ಎಸ್ಕೇಪ್ ಆಗಿ ಮೆನು ಮುಚ್ಚಿಕೊಳ್ಳುತ್ತದೆ. ವಿಟೈಮ್ 3 ಮಾಡಿ. ಗೆಟ್‌ಚಾರ್, ರೀಡ್ ಎರಡನ್ನೂ ಬೆರೆಸಲೇಬೇಡಿ: ಗೆಟ್‌ಚಾರ್ ಮೂರೂ ಬೈಟನ್ನು ತನ್ನ ಬಫರಿಗೆ ಎಳೆದುಕೊಂಡು ನಿಮಗೆ ಒಂದನ್ನಷ್ಟೇ ಕೊಡುತ್ತದೆ, ಉಳಿದೆರಡು ರೀಡ್‌ಗೆ ಸಿಗುವುದೇ ಇಲ್ಲ.

ಕನ್ನಡ ಟೈಪ್ ಮಾಡಿಸುವುದಾದರೆ ಇನ್ನೊಂದು ಮೋಜಿದೆ. ಅಕ್ಷರಗಳನ್ನು ಬೈಟ್‌ಗಳಾಗಿ ಬರೆಯುವ ಯುಟಿಎಫ್-8 ಕ್ರಮದಲ್ಲಿ ‘ಹಾಸನ’ ಎಂದರೆ ಹ, ದೀರ್ಘ, ಸ, ನ, ತಲಾ 3ರಂತೆ ಒಟ್ಟು 12 ಬೈಟ್. ಪ್ರತಿ ಮೂರರ ಗುಂಪೂ 224ರಿಂದ ಶುರು. ವಿಂಡೋಸ್‌ನಲ್ಲಿ ಕೀ ಓದುವ ಗೆಟ್‌ಸಿಎಚ್‌ನಲ್ಲಿ ಬಾಣದ ಮುನ್ಸೂಚನೆಯೂ ಅದೇ 224! ಆ ಹಳೆಯ ತಪಾಸಣೆಯನ್ನು ಲಿನಕ್ಸ್‌ಗೆ ಹಾಗೇ ತಂದರೆ ಕನ್ನಡದ ಪ್ರತಿ ಅಕ್ಷರವೂ ವಿಶೇಷ ಕೀ ಆಗಿಬಿಡುತ್ತದೆ. ಬೈಟ್ ಹಿಡಿಯಲು ಋಣ ಸಂಖ್ಯೆಯಿಲ್ಲದ ಅನ್‌ಸೈನ್ಡ್ ಚಾರ್ ಬಳಸಿ, ಇಲ್ಲದಿದ್ದರೆ ನಮ್ಮ ಪಿಸಿಗಳಲ್ಲಿ 224 ಎಂಬುದು -32 ಆಗಿ ಕಾಣುತ್ತದೆ. ಅಳಿಸುವಾಗ 128ರಿಂದ 191ರ ನಡುವಿನ ಬೈಟ್‌ಗಳನ್ನೆಲ್ಲ ಹಿಂದಕ್ಕೆ ದಾಟಿ, ಮೊದಲ ಬೈಟನ್ನೂ ಸೇರಿಸಿ ತೆಗೆಯಿರಿ.

ಎತ್ತಿಟ್ಟ ಸೆಟ್ಟಿಂಗನ್ನು ಮರಳಿ ಹಾಕುವ ಕೆಲಸವನ್ನು, ಪ್ರೋಗ್ರಾಂ ಮುಗಿಯುವಾಗ ಓಡಿಸುವ ಅಟ್‌ಎಕ್ಸಿಟ್‌ಗೆ ಒಪ್ಪಿಸಿ. ಆದರೆ ಕಂಟ್ರೋಲ್-ಸಿ ಒತ್ತಿ ಪ್ರೋಗ್ರಾಂ ಕೊಂದರೆ ಅದು ಓಡುವುದಿಲ್ಲ. ಹಾಗಾಗಿ ಕಂಟ್ರೋಲ್-ಸಿಯನ್ನು ಕೊಲ್ಲುವ ಸಂಕೇತವಾಗಿಸುವ ಐಸಿಗ್ ಫ್ಲ್ಯಾಗನ್ನೂ ತೆಗೆದು, 3 ಎಂಬ ಬೈಟ್ ಬಂದಾಗ ನೀವೇ ಎಕ್ಸಿಟ್ ಕರೆಯಿರಿ. ಅಷ್ಟಾದರೂ ಪ್ರೋಗ್ರಾಂ ಕೆಟ್ಟು ನಿಂತು ಆಜ್ಞೆ ಕೊಡುವ ಶೆಲ್‌ನಲ್ಲಿ ಟೈಪಿಸಿದ್ದು ಕಾಣದಿದ್ದರೆ, ಕಾಣದಿದ್ದರೂ ಪರವಾಗಿಲ್ಲ, ‘ಎಸ್‌ಟಿಟಿವೈ ಸೇನ್’ (stty sane) ಆಜ್ಞೆ ಕುಟ್ಟಿ ಎಂಟರ್ ಒತ್ತಿ.